ತುಪ್ಪ ಇದೆಯಾ ಅಂತ ಕೇಳಿದ ನೆಂಟ

ಹೋದ ಭಾನುವಾರ ಹೊಸ ಲಿನಕ್ಸ್ ಒಂದನ್ನು ನೋಡೋಣ ಅಂತ ಕ್ಯೂಎಮು ಅನ್ನೋ ಸಾಫ್ಟ್‌ವೇರಿನಲ್ಲಿ ಒಂದು ವರ್ಚುವಲ್ ಮಷೀನ್, ಅಂದರೆ ಕಂಪ್ಯೂಟರಿನೊಳಗೇ ಓಡುವ ತೋರಿಕೆಯ ಕಂಪ್ಯೂಟರ್ ಮಾಡಿದೆ. ಬೂಟ್ ಆಗುತ್ತಲೇ ಕಪ್ಪು ಪರದೆಯ ಮೇಲೆ ಒಂದು ಸಾಲು ಬಂದು ನಿಂತಿತು: ಈ ಸಿಪಿಯುಗೆ ಎಕ್ಸ್86-64-ವಿ2 ಬರುವುದಿಲ್ಲವಂತೆ. ವಿ2 ಅಂದರೆ ಪ್ರೊಸೆಸರಿಗೆ ಕನಿಷ್ಠ ಇಷ್ಟು ಬರಬೇಕು ಅನ್ನೋ ಪಟ್ಟಿ. ಅದು ಕೇಳುವ ಎಸ್‌ಎಸ್‌ಇ4.2 ಅನ್ನೋ ಇನ್‌ಸ್ಟ್ರಕ್ಷನ್‌ಗಳ (ಚಿಪ್ಪಿಗೆ ಕೊಡುವ ಆಜ್ಞೆಗಳ) ಗುಂಪು ಇಂಟೆಲ್ ಚಿಪ್ಪಿಗೆ ಬಂದು ಸೇರಿದ್ದೇ 2008ರಲ್ಲಿ. ನನ್ನದು ಹೋದ ವರ್ಷ ಕೊಂಡದ್ದು. ಕಂತು ಇನ್ನೂ ತೀರಿಲ್ಲ!

ನಿನಗೆ ಏನೇನು ಬರುತ್ತೆ ಅಂತ ಪ್ರೊಸೆಸರನ್ನೇ ಕೇಳೋಕೆ ಸಿಪಿಯುಐಡಿ ಅನ್ನೋ ಇನ್‌ಸ್ಟ್ರಕ್ಷನ್ ಇದೆ. ಸೊನ್ನೆ ಹಾಕಿ ಕೇಳಿದರೆ ಹೆಸರು ಹೇಳುತ್ತೆ: 'ಜೆನ್ಯೂನ್‌ಇಂಟೆಲ್', 'ಅಥೆಂಟಿಕ್‌ಎಎಂಡಿ'. ಇಬ್ಬರೂ ಅಪ್ಪಟ ಅಂತ ತಾವೇ ಹೇಳಿಕೊಳ್ಳೋದು, ಥೇಟ್ ತುಪ್ಪದ ಅಂಗಡಿ ಬೋರ್ಡಿನ ಹಾಗೆ. ಒಂದು ಹಾಕಿ ಕೇಳಿದರೆ ಬಿಟ್‌ಗಳ ಸಾಲು ಬರುತ್ತೆ. ಇಸಿಎಕ್ಸ್ ಅನ್ನೋ ರಿಜಿಸ್ಟರಿನ (ಪ್ರೊಸೆಸರಿನೊಳಗಿನ ಪುಟ್ಟ ಖಾನೆಯ) 20ನೇ ಬಿಟ್ 1 ಆಗಿದ್ದರೆ ಎಸ್‌ಎಸ್‌ಇ4.2 ಇದೆ, 0 ಆಗಿದ್ದರೆ ಇಲ್ಲ.

ವರ್ಚುವಲ್ ಮಷೀನಿನ ಒಳಗಿಂದ ಕೇಳಿದರೆ ಮಾತ್ರ ಉತ್ತರ ಕೊಡೋದು ಚಿಪ್ಪಲ್ಲ, ನಡುವೆ ಕೂತು ವರ್ಚುವಲ್ ಮಷೀನನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಹೈಪರ್‌ವೈಸರ್. ನಮ್ಮಜ್ಜಿಯೂ ಹೀಗೇ. ನೆಂಟ ಊಟಕ್ಕೆ ಕೂತು "ತುಪ್ಪ ಇದೆಯಾ?" ಅಂದರೆ, ಅಮ್ಮ ಬಾಯಿ ತೆರೆಯೋ ಮೊದಲೇ ನಡುಮನೆಯಿಂದ "ಖಾಲಿಯಾಯ್ತು ಕಣಪ್ಪ" ಅನ್ನುತ್ತಿದ್ದಳು. ನೆಲುವಿನಲ್ಲಿ ತುಂಬಿದ ಗಡಿಗೆ ತೂಗುತ್ತಿರುತ್ತಿತ್ತು. ಆಮೇಲೆ ಕೇಳಿದರೆ, "ಇಲ್ಲಿ ರುಚಿ ಹತ್ತಿದರೆ ನಾಳೆ ಚಿಕ್ಕಮ್ಮನ ಮನೇಲೂ ಕೇಳ್ತಾನೆ. ಅಲ್ಲೆಲ್ಲಿದೆ ತುಪ್ಪ?" ಅನ್ನೋಳು.

ಅಜ್ಜಿಯದು ಜಿಪುಣತನ ಅಂದುಕೊಂಡಿದ್ದೆ. ಡೇಟಾ ಸೆಂಟರುಗಳಲ್ಲಿ ಓಡುತ್ತಿರುವ ಮಷೀನನ್ನು ನಿಲ್ಲಿಸದೇ ಇನ್ನೊಂದು ಸರ್ವರಿಗೆ ಸಾಗಿಸುತ್ತಾರೆ. ಪ್ರೋಗ್ರಾಂಗಳು ಸಾಮಾನ್ಯವಾಗಿ ಶುರುವಿನಲ್ಲಿ ಒಂದೇ ಸಲ ಕೇಳಿ ನೆನಪಿಟ್ಟುಕೊಳ್ಳುತ್ತವೆ. ಇಲ್ಲಿ ಎವಿಎಕ್ಸ್-512 (ಅಂಥದ್ದೇ ಇನ್ನೊಂದು ಇನ್‌ಸ್ಟ್ರಕ್ಷನ್ ಗುಂಪು) ಇದೆ ಅಂತ ನಂಬಿದವು, ಅದಿಲ್ಲದ ಹಳೇ ಸರ್ವರಿಗೆ ಹೋಗಿ ಅದನ್ನೇ ಬಳಸಹೋದರೆ 'ಇಲ್ಲೀಗಲ್ ಇನ್‌ಸ್ಟ್ರಕ್ಷನ್' ಅಂತ ಅಲ್ಲೇ ಸಾಯುತ್ತವೆ. ಹಾಗಾಗಿ ಎಲ್ಲ ಮನೆಯಲ್ಲೂ ಇರೋದನ್ನು ಮಾತ್ರ 'ಇದೆ' ಅನ್ನೋದು ಕ್ಷೇಮ, ಅಲ್ವಾ?

ತಪ್ಪು ನನ್ನದೇ. ಯಾವ ಸಿಪಿಯು ಅಂತ ನಾನು ಹೇಳಿರಲಿಲ್ಲ. ಹೇಳದಿದ್ದರೆ ಕ್ಯೂಎಮು ತನ್ನದೇ ಬಡಪಾಯಿ 'ಕ್ಯೂಎಮು64' ಕೊಡುತ್ತೆ. 'ಸಿಪಿಯು ಹೋಸ್ಟ್' ಅಂತ, ಅಂದರೆ ನಿಜವಾದ ಚಿಪ್ಪಿಗೆ ಬರೋದನ್ನೇ ತೋರಿಸು ಅಂತ, ಒಂದು ಆಯ್ಕೆ ಸೇರಿಸಿದೆ. ನನ್ನ ನೆಂಟ ಹೇಗೂ ಬೇರೆ ಮನೆಗೆ ಹೋಗೋನಲ್ಲ. ತಕ್ಷಣ ಬೂಟ್ ಆಯಿತು. ಸುಮ್ನೆ ಕುತೂಹಲಕ್ಕೆ ಒಳಗೆ ಹೋಗಿ ಸಿಪಿಯುಇನ್ಫೋ ಫೈಲು ತೆರೆದೆ. ಫ್ಲಾಗುಗಳ ಉದ್ದ ಸಾಲಿನಲ್ಲಿ ಎಸ್‌ಎಸ್‌ಇ4_2 ಇತ್ತು. ಸ್ವಲ್ಪ ಮುಂದೆ 'ಹೈಪರ್‌ವೈಸರ್' ಅಂತಲೂ ಇತ್ತು. ತುಪ್ಪ ಬಡಿಸಿದ್ದಳು, ನಿಜ. ಗಡಿಗೆ ಮಾತ್ರ ಇನ್ನೂ ಅಜ್ಜಿಯ ಕೈಲೇ ಇತ್ತು.