ಸಾಲದ ಬಲೆಗೆ ಬಿದ್ದ ಜಿಂಕೆ

ಶ್ರೀಲಂಕಾದ ಹಂಬನ್‌ತೋಟ ಬಂದರಿನ ಹೆಸರು ಕೇಳಿದೊಡನೆ ‘ಸಾಲದ ಬಲೆ’ ಎಂದು ನಿಟ್ಟುಸಿರು ಬಿಡದವರನ್ನು ನಮ್ಮಲ್ಲಿ ಯಾರೂ ವಿದೇಶಾಂಗ ತಜ್ಞರೆಂದು ಒಪ್ಪುವುದಿಲ್ಲ. ಕಥೆ ಎಲ್ಲರಿಗೂ ಬಾಯಿಪಾಠವಾಗಿದೆ: ಚೀನಾ ಸಾಲ ಕೊಟ್ಟಿತು, ಪಾಪದ ಶ್ರೀಲಂಕಾ ಕಂತು ಕಟ್ಟಲಾರದೆ ಹೋಯಿತು, ಚೀನಾ ಬಂದರನ್ನೇ ಜಪ್ತಿ ಮಾಡಿತು. ಇಷ್ಟು ಸೊಗಸಾದ ಕಥೆಯನ್ನು ಕೆಡಿಸಿದ ಅಪಕೀರ್ತಿ ಪ್ರಾಧ್ಯಾಪಕಿ ಡೆಬೊರಾ ಬ್ರೌಟಿಗಮ್ ಅವರದು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ಕೇಂದ್ರ ಕಟ್ಟಿ, ಚೀನಾ ಯಾವ ದೇಶಕ್ಕೆ ಎಷ್ಟು ಸಾಲ ಕೊಟ್ಟಿದೆಯೆಂದು ವರ್ಷಗಟ್ಟಲೆ ಲೆಕ್ಕ ಹಾಕಿದ ಇವರು, ಮಾತನಾಡುವ ಮೊದಲು ಕಾಗದಪತ್ರ ಓದಬೇಕೆಂಬ ಹಳೆಯ ಮಡಿವಂತಿಕೆಯನ್ನು ಬಿಡಲೇ ಇಲ್ಲ.

ಓದಿದರೆ ಸಿಗುವುದೇನು? ಅಲ್ಲಿ ಬಂದರು ಕಟ್ಟಬಹುದೆಂದು ಮೊದಲು ವರದಿ ಬರೆದುಕೊಟ್ಟದ್ದು ಕೆನಡಾದ ಕಂಪನಿ, 2006ರಲ್ಲಿ ಮತ್ತೊಂದು ವರದಿ ಕೊಟ್ಟದ್ದು ಡೆನ್ಮಾರ್ಕಿನ ಕಂಪನಿ. ಚೀನಾದ ಎಕ್ಸಿಮ್ ಬ್ಯಾಂಕ್ 30.7 ಕೋಟಿ ಡಾಲರ್ ಸಾಲ ಕೊಟ್ಟದ್ದು ಆಮೇಲೆ, 2007ರಲ್ಲಿ. ಬಂದರು 2017ರಲ್ಲಿ 99 ವರ್ಷಗಳ ಗುತ್ತಿಗೆಗೆ ಹೋದಾಗ ಚೀನೀ ಕಂಪನಿ ತೆತ್ತ 112 ಕೋಟಿ ಡಾಲರ್ ಆ ಸಾಲಕ್ಕೆ ಜಮೆಯಾಗಲೇ ಇಲ್ಲ. ಬರಿದಾಗುತ್ತಿದ್ದ ಡಾಲರ್ ಬೊಕ್ಕಸಕ್ಕೆ ಹೋಯಿತು, ಸಾಲ ಶ್ರೀಲಂಕಾದ ತಲೆಯ ಮೇಲೆಯೇ ಉಳಿಯಿತು. ಜಪ್ತಿಗೆ ಬಂದವನು ಮನೆಯವರ ಕೈಗೇ ದುಡ್ಡು ಎಣಿಸಿಕೊಟ್ಟು, ಸಾಲಪತ್ರವನ್ನು ಹರಿಯದೆ ಜೇಬಿಗಿಟ್ಟುಕೊಂಡು ಹೋಗುವುದು ಯಾವ ಸೀಮೆಯ ಜಪ್ತಿಯೋ! ವಿದೇಶಿ ಮಾರುಕಟ್ಟೆಯಲ್ಲಿ ಬಾಂಡ್ ಮಾರಿ ಎತ್ತಿದ ಸಾಲ ಇದಕ್ಕಿಂತ ಬಹಳ ದೊಡ್ಡದಿತ್ತು. ಆದರೆ ಅದನ್ನು ಬಲೆ ಎನ್ನುವಂತಿಲ್ಲ. ಅದರ ಹೆಸರು ‘ಹೂಡಿಕೆದಾರರ ವಿಶ್ವಾಸ’.

ಹಾಗೆಂದು ಚೀನಾದ ಬ್ಯಾಂಕುಗಳೇನೂ ಧರ್ಮಛತ್ರಗಳಲ್ಲ. ಸಂಶೋಧಕರು ಚೀನೀ ಸಾಲದ 100 ಕರಾರುಗಳನ್ನು ಕಲೆಹಾಕಿ 2021ರಲ್ಲಿ ಪ್ರಕಟಿಸಿದಾಗ, ಕರಾರಿನಲ್ಲಿ ಏನಿದೆಯೆಂದು ಯಾರಿಗೂ ಹೇಳಬಾರದೆಂಬ ಷರತ್ತು ಹಲವು ಕರಾರುಗಳಲ್ಲೇ ಸಿಕ್ಕಿತು. ಇಷ್ಟಾದರೂ ಬಲೆಯ ಕಥೆಯಿಂದ ಎಲ್ಲರಿಗಿಂತ ಹೆಚ್ಚು ಲಾಭವಾದದ್ದು ಸಹಿ ಹಾಕಿದವರಿಗೆ, ಏಕೆಂದರೆ ಬಲೆಗೆ ಬಿದ್ದ ಜಿಂಕೆಯನ್ನು ಯಾರೂ ವಿಚಾರಣೆಗೆ ಕರೆಯುವುದಿಲ್ಲ.

ಈ ಜಿಂಕೆಯ ತವರು ಜಿಲ್ಲೆ ಹಂಬನ್‌ತೋಟ. ಆಗಿನ ಅಧ್ಯಕ್ಷ ಮಹಿಂದ ರಾಜಪಕ್ಸ ಬಂದರನ್ನು ಉದ್ಘಾಟಿಸಿದ್ದು 2010ರ ನವೆಂಬರ್ 18ರಂದು, ಅಂದರೆ ತಮ್ಮ 65ನೇ ಹುಟ್ಟುಹಬ್ಬದ ದಿನ. ಬಂದರಿಗೆ ಆಗ ಇಟ್ಟದ್ದು ಅವರದೇ ಹೆಸರು, ಕ್ರಿಕೆಟ್ ಕ್ರೀಡಾಂಗಣಕ್ಕೂ ಅವರದೇ ಹೆಸರು. ಎಕ್ಸಿಮ್ ಬ್ಯಾಂಕಿನ 19 ಕೋಟಿ ಡಾಲರ್ ಸಾಲದಲ್ಲಿ ಎದ್ದು 2013ರಲ್ಲಿ ಬಾಗಿಲು ತೆರೆದ ಮತ್ತಲ ವಿಮಾನ ನಿಲ್ದಾಣಕ್ಕೆ, ಸಂಕೋಚಕ್ಕೋ ಏನೋ, ಮನೆತನದ ಹೆಸರಷ್ಟೇ ಇಟ್ಟರು. ವಿಮಾನಗಳು ಬರಲಿಲ್ಲವಾದ್ದರಿಂದ ಸರಕು ಕಟ್ಟಡದಲ್ಲಿ ಸರ್ಕಾರ ಭತ್ತದ ಚೀಲ ಒಟ್ಟಿತು. 2016ರಲ್ಲಿ 300ಕ್ಕೂ ಹೆಚ್ಚು ಸೈನಿಕರೂ ಪೊಲೀಸರೂ ಪಟಾಕಿ ಹೊಡೆಯುತ್ತ, ರನ್‌ವೇ ಬಳಿ ಬೀಡುಬಿಟ್ಟಿದ್ದ ಆನೆ, ಕಾಡೆಮ್ಮೆ, ಜಿಂಕೆಗಳನ್ನು ಓಡಿಸಲು ಹೊರಟರು. ಬೀಜಿಂಗ್ ಬೀಸಿದ ಬಲೆಯೆಂದು ತಜ್ಞರು ಬೆರಳು ತೋರುವ ಜಾಗದಲ್ಲಿ ಕಣ್ಣಿಗೆ ಬಿದ್ದ ಅಸಲಿ ಜಿಂಕೆಗಳು ಅವು ಮಾತ್ರ, ಅವಕ್ಕೂ ಯಾವ ಕಾಗದದ ಮೇಲೂ ಸಹಿ ಹಾಕಿದ ನೆನಪಿರಲಿಲ್ಲ.