ಇಬ್ಬರೂ ನಾನೇ ಸ್ವಾಮಿ

ಒಂದು ಒತ್ತಕ್ಷರ ಬಿಟ್ಟರೆ ನಮ್ಮ ಕಾಲದ ಮೇಷ್ಟ್ರು ಬೆರಳ ಗೆಣ್ಣಿನ ಮೇಲೆ ಸ್ಕೇಲಿನಿಂದ ಬಾರಿಸುತ್ತಿದ್ದರು. ನ್ಯಾಯವಾಗಿಯೇ ಇತ್ತು ಬಿಡಿ, ಬಿಟ್ಟವನಿಗೇ ಏಟು. ಕಚೇರಿಯ ವ್ಯಾಕರಣ ಬೇರೆ. ಅಲ್ಲಿ ಒತ್ತು ಬಿಡುವವನು ಗುಮಾಸ್ತ, ಏಟು ತಿನ್ನುವವನು ಹೆಸರಿನ ಯಜಮಾನ.

ಒಬ್ಬ ಅಜ್ಜ ಇದ್ದಾರೆ ಎಂದಿಟ್ಟುಕೊಳ್ಳಿ. ಮಾಜಿ ಹವಾಲ್ದಾರ್. ಹೆಸರು ನಂಜಪ್ಪ ಎಂದಿಟ್ಟುಕೊಳ್ಳೋಣ. 1971ರ ಯುದ್ಧದ ಹೊತ್ತಿಗೆ ಮೀಸೆ ಚಿಗುರುತ್ತಿದ್ದ ಹುಡುಗ. ಈಗ ಕಿವಿ ಸ್ವಲ್ಪ ಮಂದ, ಬೆನ್ನು ಮಾತ್ರ ನೆಟ್ಟಗೆ. ಅಜ್ಜ ನನ್ನ ಕಲ್ಪನೆ. ಅವರ ಕಷ್ಟವನ್ನು ಕಲ್ಪಿಸುವ ಶ್ರಮ ನನಗೆ ಬೀಳಲಿಲ್ಲ. ಕೊಡಗು, ಹಾಸನ, ಬೆಳಗಾವಿ ಕಡೆ ಯಾವ ಮಾಜಿ ಸೈನಿಕರ ಜಗಲಿಯಲ್ಲಿ ಕೂತರೂ ಅದು ಕಾಫಿಯ ಜೊತೆಗೇ ಬರುತ್ತದೆ.

ಭರ್ತಿಯ ದಿನ "ನಾಮ್?" ಎಂದು ಕೇಳಿದರು. ಹುಡುಗ ಕನ್ನಡದಲ್ಲಿ ಹೇಳಿದ. ಗುಮಾಸ್ತ ಹಿಂದಿಯಲ್ಲಿ ಕೇಳಿಸಿಕೊಂಡ. ಟೈಪಿಸ್ಟು ಇಂಗ್ಲಿಷಿನಲ್ಲಿ ಕುಟ್ಟಿದ. ಮೂರು ಭಾಷೆ ದಾಟುವಷ್ಟರಲ್ಲಿ ಎರಡು ಪಿಗಳಲ್ಲಿ ಒಂದು ದಾರಿಯಲ್ಲೇ ಬಿದ್ದುಹೋಯಿತು. ನಂಜಪ್ಪ ಹೋಗಿ ನಂಜಪ ಆಯಿತು. "ಸಾಹೇಬ್, ಇನ್ನೊಂದು ಪಿ" ಎನ್ನಲು ರಂಗ್ರೂಟನಿಗೆ ಇಂಗ್ಲಿಷೂ ಇರಲಿಲ್ಲ, ಧೈರ್ಯವೂ ಇರಲಿಲ್ಲ.

ಸೇನೆಗೂ ಹೆಸರು ಅಷ್ಟೇನೂ ಬೇಕಾಗಿರಲಿಲ್ಲ. ನಂಬರ್ ಇತ್ತಲ್ಲ. ಸೈನಿಕನ ನಂಬರಿನ ಕೊನೆಗೆ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. ಅಂಕಿ ಬರೆಯುವಾಗ ತಪ್ಪಾದರೆ ಹಿಡಿದುಹಾಕುವುದೇ ಅದರ ಕೆಲಸ. ನೋಡಿ, ಅಂಕಿಗಳ ಕಾವಲಿಗೆ ಒಂದು ಅಕ್ಷರವನ್ನು ನಿಲ್ಲಿಸಿದ್ದಾರೆ. ಅಕ್ಷರಗಳ ಕಾವಲಿಗೆ ಯಾರೂ ಇಲ್ಲ.

ಆಮೇಲೆ ಮದುವೆಯಾಯಿತು. ಸೈನಿಕನ ಮದುವೆ ಪುರೋಹಿತರು ಮಾಡಿಸಿದರೆ ಆಗುವುದಿಲ್ಲ, ಸೈನಿಕನ ಮನೆಯ ಸಂಗತಿಗಳನ್ನು ಸೇನೆಯ ದಾಖಲೆಗೆ ಸೇರಿಸುವ ಪಾರ್ಟ್ ಟು ಆರ್ಡರ್‌ನಲ್ಲಿ ಬಂದರೆ ಆದ ಹಾಗೆ. ಹೆಂಡತಿ ಲಕ್ಷ್ಮಮ್ಮ. ಬರೆದುಕೊಂಡವನ ಊರಿನಲ್ಲಿ ಹೆಂಗಸರ ಹೆಸರು 'ದೇವಿ' ಎಂದು ಮುಗಿಯದಿದ್ದರೆ ಅರ್ಧಕ್ಕೇ ನಿಂತ ಹಾಗೆ ಅನ್ನಿಸುತ್ತದೋ ಏನೋ, ಲಕ್ಷ್ಮೀ ದೇವಿ ಎಂದು ಬರೆದ. ಗಂಡ ಸಿಪಾಯಿಯಿಂದ ಹವಾಲ್ದಾರ್ ಆಗಲು ವರ್ಷಗಟ್ಟಲೆ ಬೇಕಾಯಿತು. ಹೆಂಡತಿ ಒಂದೇ ದಿನಕ್ಕೆ ದೇವಿಯಾದಳು.

ಇಷ್ಟಾದರೂ ಸಂಸಾರ ನಡೆಯಿತು. ಪಿಂಚಣಿಯೂ ತಿಂಗಳಾ ತಿಂಗಳಾ ಬ್ಯಾಂಕಿಗೆ ಬಂತು. ಕೌಂಟರಿನಲ್ಲಿ ಕೂತವರಿಗೆ ಅಜ್ಜನ ಮುಖ ಗೊತ್ತಿತ್ತು, ಸ್ಪೆಲ್ಲಿಂಗ್ ಯಾರಿಗೆ ಬೇಕು? ಆಮೇಲೆ ರಕ್ಷಣಾ ಪಿಂಚಣಿಯೆಲ್ಲ ಆನ್‌ಲೈನ್ ಆಯಿತು. ಆ ವ್ಯವಸ್ಥೆಯ ಹೆಸರು ಸ್ಪರ್ಶ್. ಅಜ್ಜನ ಮಟ್ಟಿಗೆ ಸ್ವಭಾವ ಮುಟ್ಟಿದರೆ ಮುನಿ. ಆಧಾರ್ ತೋರಿಸಿದರು, ಎರಡು ಪಿ. ಸೇನೆಯ ದಾಖಲೆ ಬಂತು, ಒಂದು ಪಿ. ಕಂಪ್ಯೂಟರ್ ಮುಖ ಮುದುರಿಕೊಂಡಿತು.

ಪ್ಯಾನ್ ಕಾರ್ಡಿನದು ಇನ್ನೊಂದು ಪುರಾಣ. ನಮ್ಮ ಕಡೆ ಇನಿಷಿಯಲ್ ಅಂದರೆ ಊರು ಮತ್ತು ಅಪ್ಪ. ಹೆಸರಿನ ಹಿಂದೆ ಎರಡು ಚುಕ್ಕೆ ಇಟ್ಟು ತೆಪ್ಪಗೆ ಕೂತಿರುತ್ತವೆ. ಆದರೆ ಅರ್ಜಿಯ ಸರ್‌ನೇಮ್ ಖಾನೆಗೆ ಇನಿಷಿಯಲ್ ಆಗುವುದಿಲ್ಲ, ಬಿಡಿಸಿ ಬರೆಯಬೇಕು. ಸರ್‌ನೇಮ್ ಇಲ್ಲದ ಮನುಷ್ಯ ಇರುತ್ತಾನೆ ಎಂಬ ಕಲ್ಪನೆ ಆ ಖಾನೆ ಮಾಡಿದವರಿಗೆ ಬಂದೇ ಇಲ್ಲ. ಬಿಡಿಸಿ ಬರೆದರೆ ಊರು ಮುಂದೆ ಬಂತು, ಅಪ್ಪ ನಡುವೆ, ಅಜ್ಜ ಕೊನೆಗೆ. ಈಗ ಬ್ಯಾಂಕಿನ ಹುಡುಗಿ ಫೋನ್ ಮಾಡಿ "ಮಿಸ್ಟರ್ ಹೊಸಹಳ್ಳಿ ಇದ್ದಾರಾ?" ಎನ್ನುತ್ತಾಳೆ. ಅಜ್ಜ ಕಿಟಕಿಯಾಚೆ ನೋಡಿ "ಇದೆಯಮ್ಮ, ಇಲ್ಲೇ ಇದೆ" ಎನ್ನುತ್ತಾರೆ.

ಪರಿಹಾರ ಇಲ್ಲ ಎಂದೇನಿಲ್ಲ. ಅಫಿಡವಿಟ್ ಇದೆ. ನಂಜಪ ಮತ್ತು ನಂಜಪ್ಪ ಎಂಬ ಹೆಸರಿನ ಇಬ್ಬರೂ ಒಬ್ಬನೇ ವ್ಯಕ್ತಿ ಎಂದು ಪ್ರಮಾಣ ಮಾಡಬೇಕು. ಎರಡಾಗಿ ಕಾಣುವುದೆಲ್ಲ ಒಂದೇ ಎಂದು ಸಾಧಿಸಲು ಶಂಕರಾಚಾರ್ಯರು ದೇಶವೆಲ್ಲ ನಡೆದರು, ಮಠ ಕಟ್ಟಿದರು, ಭಾಷ್ಯ ಬರೆದರು. ಪಾಪ, ಅವರಿಗೆ ನೋಟರಿಯ ಪರಿಚಯ ಇರಲಿಲ್ಲ. ನಮ್ಮಲ್ಲಿ ಕೋರ್ಟಿನ ಎದುರಿನ ಹುಣಸೆಮರದ ಕೆಳಗೆ ಛಾಪಾ ಕಾಗದದ ಮೇಲೆ ಅದ್ವೈತ ಹತ್ತು ನಿಮಿಷದಲ್ಲಿ ಸಿದ್ಧವಾಗುತ್ತದೆ, ಸೀಲು ಸಮೇತ.

ಆದರೆ ಕಚೇರಿ ದ್ವೈತಿ. ಅಫಿಡವಿಟ್ ಸಾಲದು, ಪತ್ರಿಕೆಯಲ್ಲಿ ಜಾಹೀರಾತು ಕೊಡಿ ಎನ್ನುತ್ತದೆ. ಒಂದು ಇಂಗ್ಲಿಷಿನಲ್ಲಿ, ಒಂದು ಊರಿನ ಭಾಷೆಯಲ್ಲಿ. ನನಗೆ ಜಾಸ್ತಿ ಇಷ್ಟವಾಗುವುದು ಈ ಜಾಹೀರಾತಿನ ಒಕ್ಕಣೆ. 'ನಾನು ನನ್ನ ಹೆಸರನ್ನು ನಂಜಪ ಎಂಬುದರಿಂದ ನಂಜಪ್ಪ ಎಂದು ಬದಲಿಸಿಕೊಂಡಿರುತ್ತೇನೆ.' ಅಲ್ಲ ಸ್ವಾಮಿ, ಅವರು ಎಲ್ಲಿ ಬದಲಿಸಿಕೊಂಡರು? ತೊಟ್ಟಿಲಲ್ಲಿ ಇಟ್ಟ ದಿನದಿಂದ ನಂಜಪ್ಪನೇ. ಬದಲಿಸಿದ್ದು ಕಚೇರಿ. ತಪ್ಪು ಅವರದು, ತಪ್ಪೊಪ್ಪಿಗೆ ಇವರದು, ಜಾಹೀರಾತಿನ ದುಡ್ಡೂ ಇವರದೇ. ಪೇಪರ್ ಓದಿದ ಪಕ್ಕದ ಮನೆಯವರು ಬಂದು "ಅಲ್ಲ ನಂಜಪ್ಪಣ್ಣ, ಇನ್ನು ಮೇಲೆ ನಂಜಪ್ಪ ಅನ್ನಬೇಕಂತೆ, ಇಷ್ಟು ದಿನ ನಾವು ಏನಂತಿದ್ವಿ?" ಎಂದು ಕೇಳಿದರಂತೆ.

ಇದೇ ದೇಶದಲ್ಲಿ ಊರುಗಳು ಎಷ್ಟು ಸಲೀಸಾಗಿ ಹೆಸರು ಬದಲಿಸಿಕೊಳ್ಳುತ್ತವೆ ನೋಡಿ. ಸೈನಿಕರ ಪಿಂಚಣಿ ಆದೇಶ ಬರುತ್ತಿದ್ದದ್ದು ಅಲಹಾಬಾದಿನಿಂದ. 2018ರಲ್ಲಿ ಆ ಊರು ಪ್ರಯಾಗರಾಜ್ ಆಯಿತು. ಇಬ್ಬರೂ ಒಂದೇ ಊರು ಎಂದು ಯಾರೂ ಅಫಿಡವಿಟ್ ಕೇಳಲಿಲ್ಲ. 2014ರ ನವೆಂಬರ್ 1ರಂದು ನಮ್ಮ ಬ್ಯಾಂಗಲೋರ್ ಬೆಂಗಳೂರಾಯಿತು, ಮೈಸೋರ್ ಮೈಸೂರಾಯಿತು. ಒಟ್ಟು 12 ಊರುಗಳ ಇಂಗ್ಲಿಷ್ ಸ್ಪೆಲ್ಲಿಂಗ್ ಒಂದೇ ಏಟಿಗೆ ತಿದ್ದಿದರು. ಅಜ್ಜ ಸೇನೆಗೆ ಸೇರಿದಾಗ ಬರೆದ ರಾಜ್ಯ 'ಮೈಸೂರು'. 1973ರ ನಂತರ ಆ ಹೆಸರಿನ ರಾಜ್ಯವೇ ಇಲ್ಲ. ಅದನ್ನು ಇವತ್ತಿಗೂ ಯಾರೂ ತಪ್ಪು ಎಂದಿಲ್ಲ. ಇಡೀ ರಾಜ್ಯ ಕಾಣೆಯಾದರೂ ನಡೆಯುತ್ತದೆ, ಒಂದು ಪಿ ಕಾಣೆಯಾಗುವಂತಿಲ್ಲ.

ಅಜ್ಜನ ಪುಣ್ಯ ಸಾಲದು, ಅಷ್ಟೇ. 1949ರ ಜನವರಿ 15ರಂದು ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ನಮ್ಮ ಕೊಡಗಿನವರ ಹೆಸರು ಇಂಗ್ಲಿಷಿನಲ್ಲಿ ಸಿಯಿಂದ ಶುರುವಾಗುತ್ತದೆ. ಕನ್ನಡದಲ್ಲಿ ನಾವು ಕಾರ್ಯಪ್ಪ ಎನ್ನುತ್ತೇವೆ, ಕರಿಯಪ್ಪ ಎಂದೂ ಬರೆಯುತ್ತೇವೆ. ಬ್ರಿಟಿಷರ ಬಾಯಲ್ಲಿ ಅವರು 'ಕಿಪ್ಪರ್' ಆದರು. ಅಂದರೆ ಹೊಗೆಯಲ್ಲಿ ಒಣಗಿಸಿದ ಒಂದು ಜಾತಿಯ ಮೀನು. ತಿಮ್ಮಯ್ಯ 'ಟಿಮ್ಮಿ' ಆದರು. ಇಬ್ಬರೂ ಜನರಲ್ ಆದ್ದರಿಂದ ರಸ್ತೆಗಳಿಗೆ ಹೆಸರಾದರು. ಹವಾಲ್ದಾರ್ ಆಗಿದ್ದರೆ ಇವತ್ತು ನಮ್ಮ ಅಜ್ಜನ ಹಿಂದೆ ಸರದಿಯಲ್ಲಿ ಜೆರಾಕ್ಸ್ ಹಿಡಿದು ನಿಂತಿರುತ್ತಿದ್ದರು.

ನವೆಂಬರ್ ಬಂದರೆ ಸಾಕು, ಅಜ್ಜ ಬದುಕಿದ್ದಾರೆಂದು ತೋರಿಸಬೇಕು. ಅದಕ್ಕೆ ಜೀವನ್ ಪ್ರಮಾಣ್ ಇದೆ. ಬೆರಳಿಟ್ಟರೆ ಗೆರೆ ಸಿಗುವುದಿಲ್ಲ, ಎಲ್ಲ ಗುದ್ದಲಿಯ ಹಿಡಿಗೆ ಹೋಗಿದೆ. ಈಗ ಮುಖ ನೋಡಿ ಗುರುತು ಹಿಡಿಯುವ ಆ್ಯಪ್ ಬಂದಿದೆ, ಕಣ್ಣು ಮಿಟುಕಿಸಿ ಎನ್ನುತ್ತದೆ. ಅಜ್ಜ ಮಿಟುಕಿಸುತ್ತಾರೆ. ಯಾರೋ ಒಬ್ಬರು ಬದುಕಿದ್ದಾರೆ ಎಂಬುದು ಸಾಬೀತಾಗುತ್ತದೆ. ಯಾರು ಎಂಬುದಷ್ಟೇ ಉಳಿದ ಪ್ರಶ್ನೆ. ಲಕ್ಷ್ಮಮ್ಮಜ್ಜಿಗೆ ಇದರ ಚಿಂತೆಯೇ ಬೇರೆ. "ನೀವು ಹೋದ ಮೇಲೆ ಫ್ಯಾಮಿಲಿ ಪೆನ್ಶನ್ ಆ ದೇವಿಗೆ ಬರುತ್ತೋ ನನಗೆ ಬರುತ್ತೋ?" ಎಂದು ಕೇಳುತ್ತಾರೆ. ಐವತ್ತು ವರ್ಷ ಸಂಸಾರ ಮಾಡಿದ ಮೇಲೆ ಕಾಗದದ ಸವತಿ. ನಗುತ್ತಲೇ ಕೇಳುತ್ತಾರೆ, ಆದರೆ ಪ್ರತಿ ವಾರ ಕೇಳುತ್ತಾರೆ.

ಸರ್ಕಾರ ಇದಕ್ಕೆ ಏನೂ ಮಾಡಿಲ್ಲ ಎನ್ನಬೇಡಿ. 2022ರಲ್ಲಿ ಅಗ್ನಿಪಥ ಬಂತು. ನಾಲ್ಕು ವರ್ಷದ ಕೆಲಸ, ನೂರರಲ್ಲಿ 25 ಮಂದಿಯವರೆಗೆ ಮಾತ್ರ ಮುಂದಕ್ಕೆ ಉಳಿಸಿಕೊಳ್ಳುತ್ತಾರೆ. ಮಿಕ್ಕವರಿಗೆ ಗಂಟು ಕೊಟ್ಟು ಕೈಮುಗಿಯುತ್ತಾರೆ, ಪಿಂಚಣಿ ಇಲ್ಲ. ಪಿಂಚಣಿಯೇ ಇಲ್ಲದ ಮೇಲೆ ಪಿಂಚಣಿ ಪುಸ್ತಕದಲ್ಲಿ ಹೆಸರು ತಪ್ಪುವುದು ಹೇಗೆ?

ಮೊನ್ನೆ ಅಜ್ಜ ಮತ್ತೆ ಫೈಲು ಹಿಡಿದು ಹೊರಟರು. ಹೊಸ ಗುಮಾಸ್ತ, ಚಿಕ್ಕ ಹುಡುಗ. ತಲೆ ಎತ್ತದೆ "ಯಾರು ನೀವು?" ಎಂದ. ಸೇನೆಯಲ್ಲಿ ರಾತ್ರಿ ಪಹರೆಯವನೂ ಇದನ್ನೇ ಕೇಳುತ್ತಾನೆ. ಬ್ರಿಟಿಷರ 'ಹೂ ಕಮ್ಸ್ ದೇರ್' ನಮ್ಮ ಸಿಪಾಯಿಗಳ ಬಾಯಲ್ಲಿ ಸವೆದು 'ಹುಕುಂದಾರ್' ಆಯಿತು ಎನ್ನುತ್ತಾರೆ. ಆ ಸ್ಪೆಲ್ಲಿಂಗನ್ನು ಯಾರೂ ತಿದ್ದಲು ಹೋಗಲಿಲ್ಲ. ಕತ್ತಲಲ್ಲಿ, ಬಂದೂಕಿನ ಎದುರು, ಒಂದೇ ಪದದ ಉತ್ತರ ಸಾಕಾಗುತ್ತಿತ್ತು.

ಅಜ್ಜ ಅಟೆನ್ಷನ್‌ನಲ್ಲಿ ನಿಂತು ಹೇಳಿದರು, "ದೋಸ್ತ್."

ಹುಡುಗ ಕೀಬೋರ್ಡಿನ ಮೇಲೆ ಬೆರಳಿಟ್ಟು ಕೇಳಿದ, "ಫಸ್ಟ್ ನೇಮಾ, ಸರ್‌ನೇಮಾ?"