ಲೀನಿಯರ್ ಸಪ್ಲೈಗೆ ದುಡ್ಡು ಹಾಕುವ ಮುಂಚೆ ಗೋಡೆಯ ಸಾಕೆಟ್ ನೋಡಿ

ಕಂಪ್ಯೂಟರ್‌ನಲ್ಲಿ ಹಾಡು ಕೇಳುವ ಗೆಳೆಯರ ನಡುವೆ ಒಂದೇ ಸಲಹೆ ಓಡಾಡುತ್ತಿದೆ. ಡ್ಯಾಕ್ (ಕಂಪ್ಯೂಟರ್‌ನ ಡಿಜಿಟಲ್ ಹಾಡನ್ನು ಅನಲಾಗ್ ಸಿಗ್ನಲ್ ಮಾಡುವ ಪೆಟ್ಟಿಗೆ) ಜೊತೆ ಬಂದ ಅಡಾಪ್ಟರ್ ಎಸೆಯಿರಿ, ಲೀನಿಯರ್ ಪವರ್ ಸಪ್ಲೈ ತಗೊಳ್ಳಿ, ಸೌಂಡೇ ಬದಲಾಗುತ್ತದೆ ಅಂತ. ಡ್ಯಾಕ್‌ಗಿಂತ ಸಪ್ಲೈ ಬೆಲೆಯೇ ಜಾಸ್ತಿ ಆದರೂ ಇವರಿಗೆ ಬೇಜಾರಿಲ್ಲ. ನಾನು ಇದನ್ನು ಒಪ್ಪುವುದಿಲ್ಲ. ಬೆಂಗಳೂರಿನ ಬಾಡಿಗೆ ಮನೆಗಳಲ್ಲಂತೂ ಒಪ್ಪುವುದೇ ಇಲ್ಲ.

ಲೀನಿಯರ್‌ನಲ್ಲಿ 230 ವೋಲ್ಟ್ ಸೀದಾ ದೊಡ್ಡ ಟ್ರಾನ್ಸ್‌ಫಾರ್ಮರ್‌ಗೆ ಹೋಗಿ ಇಳಿಯುತ್ತದೆ. ಆಮೇಲೆ ಡಯೋಡ್, ಕೆಪಾಸಿಟರ್, ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ರೆಗ್ಯುಲೇಟರ್. ಮಿಕ್ಕಿದ್ದೆಲ್ಲ ಬಿಸಿ. 12 ವೋಲ್ಟ್‌ನಿಂದ 5 ವೋಲ್ಟ್ ಮಾಡಿ 1 ಆಂಪ್ ಎಳೆದರೆ 7 ವಾಟ್ ಹೀಟ್‌ಸಿಂಕ್ ಪಾಲು. ಡ್ಯಾಕ್ ಜೊತೆ ಬರುವ ಪುಟ್ಟ ಅಡಾಪ್ಟರ್ ಸಾಮಾನ್ಯವಾಗಿ ಸ್ವಿಚಿಂಗ್ ಜಾತಿಯದು. ಅದರಲ್ಲಿ ಮೊದಲು ಸುಮಾರು 325 ವೋಲ್ಟ್ ಡಿಸಿ ಮಾಡಿ, ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಆನ್-ಆಫ್ ಮಾಡಿ, ಪುಟ್ಟ ಟ್ರಾನ್ಸ್‌ಫಾರ್ಮರ್‌ನಲ್ಲೇ ಇಳಿಸುತ್ತಾರೆ.

ಈ ಆನ್-ಆಫ್ ಗಲಾಟೆ ಸಾಮಾನ್ಯವಾಗಿ ಕಿವಿಗೆ ಕೇಳುವ 20 ಕಿಲೋಹರ್ಟ್ಸ್‌ಗಿಂತ ಮೇಲಿರುತ್ತದೆ. ಫಿಲ್ಟರ್ ಮಾಡುವುದೂ ಸುಲಭ. ಲೀನಿಯರ್‌ನ ರಿಪಲ್, ಅಂದರೆ ಡಿಸಿಯಲ್ಲಿ ಉಳಿಯುವ ಏರಿಳಿತ, ಇರುವುದು 100 ಹರ್ಟ್ಸ್‌ನಲ್ಲಿ, ಕಿವಿಗೆ ಚೆನ್ನಾಗಿ ಕೇಳುವ ಜಾಗದಲ್ಲಿ. ಲೀನಿಯರ್ ಅಂದ್ರೆ ಶುದ್ಧ ಅನ್ನುವವರು ಇದನ್ನು ಹೇಳುವುದಿಲ್ಲ. ಇನ್ನು, ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ದುಬಾರಿ ಲೀನಿಯರ್ ಹಾಕಿ ಬೀಗುವವರಿದ್ದಾರೆ. ಆ ಬೋರ್ಡಿನ ಮೇಲೇ ಸ್ವಿಚಿಂಗ್ ರೆಗ್ಯುಲೇಟರ್‌ಗಳು ಕೂತಿವೆ! ಡೆಸ್ಕ್‌ಟಾಪ್‌ನದೂ ಅದೇ ಕಥೆ. ಪ್ರೊಸೆಸರ್‌ಗೆ ಬೇಕಾದ ಸುಮಾರು 1 ವೋಲ್ಟನ್ನು ಮದರ್‌ಬೋರ್ಡ್ ಸ್ವಿಚಿಂಗ್‌ನಿಂದಲೇ ಮಾಡಿಕೊಳ್ಳುತ್ತದೆ.

ಹಾಗಾದ್ರೆ ಹಾಡು ನಿಂತಾಗಲೂ ಸ್ಪೀಕರ್‌ನಲ್ಲಿ ಕೇಳುವ ಆ ಗುಂಯ್ ಸದ್ದು ಎಲ್ಲಿಂದ ಬರುತ್ತದೆ? ಲ್ಯಾಪ್‌ಟಾಪ್ ಚಾರ್ಜ್‌ಗೆ ಹಾಕಿ ಅದರ ಲೋಹದ ಮೈ ಸವರಿದರೆ ಜುಮ್ ಅನ್ನುತ್ತಲ್ವಾ? ಬಹಳ ಸಲ ಅಲ್ಲಿಂದಲೇ. ಅಡಾಪ್ಟರ್ ಒಳಗೆ ಮೇನ್ಸ್ ಕಡೆಗೂ ಔಟ್‌ಪುಟ್ ಕಡೆಗೂ ನಡುವೆ ವೈ ಕೆಪಾಸಿಟರ್ ಅಂತ ಒಂದಿರುತ್ತದೆ. ಸ್ವಿಚಿಂಗ್ ಗಲಾಟೆ ಹೊರಗೆ ಹರಡದಿರಲಿ ಅಂತ ಹಾಕಿದ್ದು. ಅದರಲ್ಲಿ ಚೂರು ಕರೆಂಟ್ ಸೋರುತ್ತದೆ. ಅಡಾಪ್ಟರ್‌ಗೆ ಮೂರನೇ ಪಿನ್ ಇದ್ದು ಅರ್ಥಿಂಗ್ ಸರಿಯಿದ್ದರೆ ಅದು ಅರ್ಥ್‌ಗೆ ಹೋಗುತ್ತದೆ. ಇಲ್ಲದಿದ್ದರೆ ಯುಎಸ್‌ಬಿ ಕೇಬಲ್ ಹಿಡಿದು ಡ್ಯಾಕ್‌ಗೆ, ಅಲ್ಲಿಂದ ಆರ್‌ಸಿಎ ಆಡಿಯೊ ಕೇಬಲ್‌ನ ಶೀಲ್ಡ್ (ಹೊರಗಿನ ಲೋಹದ ಹೊದಿಕೆ) ಮೇಲೆ ಆಂಪ್ಲಿಫೈಯರ್‌ಗೆ. ಡ್ಯಾಕ್‌ಗೆ ಎಂಥ ಲೀನಿಯರ್ ಕೊಟ್ಟರೂ ಲ್ಯಾಪ್‌ಟಾಪ್‌ನ ಸೋರಿಕೆ ನಿಲ್ಲುವುದಿಲ್ಲ. ನಾನಿದ್ದ ಒಂದು ಹಳೆಯ ಬಾಡಿಗೆ ಮನೆಯಲ್ಲಿ ಸಾಕೆಟ್‌ಗೆ ಮೂರು ತೂತು ಇದ್ದವು, ಅರ್ಥ್ ತೂತಿನ ಹಿಂದೆ ವೈರೇ ಇರಲಿಲ್ಲ. ಓನರ್ ಕೇಳಿದ್ದು ಒಂದೇ: "ಲೈಟ್ ಉರೀತಾ ಇದೆಯಲ್ಲ?"

ಲೀನಿಯರ್ ಹಾಕಿದ ಮೇಲೆ ಗುಂಯ್ ನಿಂತಿತು ಅನ್ನುವವರೂ ಸುಳ್ಳು ಹೇಳುತ್ತಿಲ್ಲ. ಒಳ್ಳೆಯ ಲೀನಿಯರ್‌ನಲ್ಲಿ ಸೋರಿಕೆ ಕಡಿಮೆ. ಡ್ಯಾಕ್‌ನ ಅಡಾಪ್ಟರ್ರೇ ಸೋರುತ್ತಿದ್ದರೆ ವ್ಯತ್ಯಾಸ ಕೇಳಿಸುತ್ತದೆ. ಆದರೆ ಮೊದಲು ಪುಕ್ಕಟೆ ಪರೀಕ್ಷೆ ಮಾಡಿ. ಹಾಡು ನಿಲ್ಲಿಸಿ, ವಾಲ್ಯೂಮ್ ಎತ್ತಿ, ಚಾರ್ಜರ್ ಕಿತ್ತು ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ಓಡಿಸಿ. ಗುಂಯ್ ಹೋಯ್ತಾ? ಡ್ಯಾಕ್‌ನ ಸಪ್ಲೈಯನ್ನು ಬೈಯಬೇಡಿ. ಕಂಪ್ಯೂಟರ್‌ನಲ್ಲಿ ಆಪ್ಟಿಕಲ್ ಔಟ್‌ಪುಟ್ ಇದ್ದರೆ ಇನ್ನೂ ಸುಲಭ. ಆ ಕೇಬಲ್‌ನಲ್ಲಿ ಹೋಗುವುದು ಬೆಳಕು, ಕರೆಂಟಿಗೆ ದಾರಿಯೇ ಇಲ್ಲ.

ನಮ್ಮೂರಿನ ಕರೆಂಟಿನ ವಿಷಯವೂ ಇದೆ. ಬೇಸಿಗೆ ಸಂಜೆ ವೋಲ್ಟೇಜ್ 190ಕ್ಕೆ ಇಳಿದರೆ ಲೀನಿಯರ್‌ನ ಟ್ರಾನ್ಸ್‌ಫಾರ್ಮರ್ ಔಟ್‌ಪುಟ್ಟೂ ಅಷ್ಟೇ ಪ್ರಮಾಣದಲ್ಲಿ ಇಳಿಯುತ್ತದೆ. ರೆಗ್ಯುಲೇಟರ್‌ಗೆ ಸಾಲದೆ ಹೋದರೆ 100 ಹರ್ಟ್ಸ್ ಸೀದಾ ಡ್ಯಾಕ್ ಒಳಗೆ. ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಓಡಿಸಿದರೆ ಟ್ರಾನ್ಸ್‌ಫಾರ್ಮರ್ರೇ ಗುರ್ ಅನ್ನುತ್ತದೆ. 100-240 ವೋಲ್ಟ್ ಅಂತ ಬರೆದಿರುವ ಪುಟ್ಟ ಅಡಾಪ್ಟರ್ ವೋಲ್ಟೇಜ್ ಇಳಿದರೂ ಸುಮ್ನೆ ಕೆಲಸ ಮಾಡುತ್ತಿರುತ್ತದೆ.

ನಾನೂ ಲೀನಿಯರ್ ಹಾಕುವ ಜಾಗ ಒಂದಿದೆ, ಫೋನೋ ಪ್ರೀಆಂಪ್, ಅಂದರೆ ರೆಕಾರ್ಡ್ ಪ್ಲೇಯರ್‌ನ ಸಣ್ಣ ಸಿಗ್ನಲನ್ನು ಏರಿಸಿ ಆಂಪ್ಲಿಫೈಯರ್‌ಗೆ ಕೊಡುವ ಪೆಟ್ಟಿಗೆ. ರೆಕಾರ್ಡ್ ಪ್ಲೇಯರ್‌ನ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಡ್ಜ್ (ಸೂಜಿ ಕೂತಿರುವ ಭಾಗ) ಕೊಡುವುದು ಸುಮಾರು 5 ಮಿಲಿವೋಲ್ಟ್ ಮಾತ್ರ. ಅಷ್ಟು ಸಣ್ಣ ಸಿಗ್ನಲ್ ಪಕ್ಕ ಅಗ್ಗದ ಅಡಾಪ್ಟರ್ ಬೇಡ. ಸೋಲ್ಡರಿಂಗ್ ಬಂದರೆ ಬೆಂಗಳೂರಿನ ಎಸ್.ಪಿ. ರೋಡ್‌ಗೆ ಹೋಗಿ. ಟ್ರಾನ್ಸ್‌ಫಾರ್ಮರ್, ಎಲ್‌ಎಂ317 ರೆಗ್ಯುಲೇಟರ್ ಚಿಪ್, ಕೆಪಾಸಿಟರ್ ಎಲ್ಲ ಒಂದೇ ರಸ್ತೆಯಲ್ಲಿ ಸಿಗುತ್ತವೆ. 230 ವೋಲ್ಟ್ ಕಡೆಗೆ ಫ್ಯೂಸ್ ಹಾಕಲು ಮರೆಯಬೇಡಿ. ಟ್ರಾನ್ಸ್‌ಫಾರ್ಮರನ್ನು ಪ್ರೀಆಂಪ್‌ನಿಂದ ದೂರ, ಬೇರೆ ಡಬ್ಬಿಯಲ್ಲಿ ಇಡಿ. ಪಕ್ಕದಲ್ಲೇ ಇಟ್ಟರೆ ಅದರ ಮ್ಯಾಗ್ನೆಟಿಕ್ ಫೀಲ್ಡ್ ಸೀದಾ ಹಮ್ ಆಗಿ ಕೇಳಿಸುತ್ತದೆ.